ಎಡಗಣ್ಣಿನ ಐದು ತಿಂಗಳು

ಆ ಸಲೂನಿನಲ್ಲಿ ಎಲ್ಲರೂ ಅವಳನ್ನು ಕತ್ತರಿ ಅಕ್ಕ ಅನ್ನುತ್ತಿದ್ದರು. ಕೂದಲು ಕಂಡರೆ ಸಾಕು, ಯಾರೆಂದು ಹೇಳಿಬಿಡುತ್ತಿದ್ದಳು: ಜೋಡಿಸುಳಿಯ ಮೇಷ್ಟ್ರು, ಓರೆ ಬೈತಲೆಯ ನರ್ಸಮ್ಮ. ಮುಖ ಮಾತ್ರ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ತನಗೆ ಗಮನ ಕಮ್ಮಿ ಎಂದುಕೊಂಡೇ ಮೂವತ್ತೆಂಟು ವರ್ಷ ತಳ್ಳಿದ್ದಳು.

ಒಂದು ದಿನ ನಾದಿನಿ ಬಂದು, ಸೊಂಟ ಮುಟ್ಟುವ ಜಡೆಯನ್ನು ಅವಳ ಕೈಯಲ್ಲೇ ಕಿವಿಯವರೆಗೆ ಕತ್ತರಿಸಿಕೊಂಡಳು. ಮಾರನೆಯ ದಿನ ಮರೆತ ಕೊಡೆಗಾಗಿ ಮತ್ತೆ ಬಂದು ಬಾಗಿಲಲ್ಲಿ ನಿಂತಳು.

"ಬನ್ನಿ ಮೇಡಂ, ಕೂತ್ಕೊಳ್ಳಿ. ಹೊಸಬರಾ?" ಎಂದಳು ಕತ್ತರಿ ಅಕ್ಕ.

ನಾದಿನಿಯ ಮುಖ ಊದಿಕೊಂಡಿತು. ಕೊಡೆಯನ್ನೂ ಮುಟ್ಟದೆ ಹೊರಟುಹೋದಳು.

ಸಂಜೆ ಗಂಡ ಮುನಿಸಿಕೊಂಡ. "ನನ್ನ ತಂಗಿ ಗುರುತೂ ಸಿಗಲಿಲ್ವಾ ನಿಂಗೆ? ಅತ್ತು ರಂಪ ಮಾಡಿದಾಳೆ."

ಕತ್ತರಿ ಅಕ್ಕ ತನ್ನ ತಾಯಿಗೆ ಫೋನು ಮಾಡಿ ಗೋಳು ತೋಡಿಕೊಂಡಳು. ತಾಯಿ, "ಹುಟ್ಟುವಾಗ್ಲೇ ನಿನ್ನ ಎಡಗಣ್ಣಿಗೆ ಪೊರೆ ಇತ್ತು ಕಣೇ. ಐದು ತಿಂಗಳಾದ್ಮೇಲೆ ತೆಗೆಸಿದ್ವಿ. ಯಾವುದಕ್ಕೂ ಡಾಕ್ಟರನ್ನ ಕೇಳು," ಅಂದಳು.

ಕಣ್ಣಿನ ಡಾಕ್ಟರಮ್ಮ ಎಲ್ಲ ಕೇಳಿಸಿಕೊಂಡು ಹಾಳೆಯ ಮೇಲೆ ಎರಡು ಕಣ್ಣು, ಹಿಂದೆ ಮಿದುಳಿನ ಎರಡು ಹೋಳು ಬರೆದರು.

"ಎಳೆಗೂಸಿನ ಎಡಗಣ್ಣು ನೋಡಿದ್ದು ಹೆಚ್ಚಾಗಿ ಬಲ ಹೋಳಿಗೆ ಹೋಗುತ್ತೆ. ಮುಖ ಗುರುತಿಸೋದ್ರಲ್ಲಿ ಆ ಹೋಳಿನದೇ ದೊಡ್ಡ ಪಾಲು."

"ಬಲಗಣ್ಣು ಚೆನ್ನಾಗೇ ಇತ್ತಲ್ಲ?"

"ಅದು ನೋಡಿದ್ದು ಎಡ ಹೋಳಿಗೆ ಹೋಯ್ತು. ಆ ವಯಸ್ಸಲ್ಲಿ ಎರಡು ಹೋಳುಗಳ ನಡುವೆ ಮಾತುಕತೆ ಕಮ್ಮಿ. ಬಲ ಹೋಳು ಕಲಿಯಬೇಕಾದ ಹೊತ್ತಲ್ಲಿ ಅದಕ್ಕೆ ಕತ್ತಲೆ. ಕೆಲವರಿಗೆ ಹೀಗೆ ಕೊರತೆ ಉಳಿದುಬಿಡುತ್ತೆ. ನಿಮ್ಮದೂ ಅದೇ ಇರಬಹುದು."

"ಔಷಧಿ?"

"ಇಲ್ಲ. ನಿಮ್ಮ ತಪ್ಪೂ ಇಲ್ಲ."

ಅವಳು ಆ ಹಾಳೆಯನ್ನು ಮಡಚಿಕೊಂಡು ನೇರ ನಾದಿನಿಯ ಮನೆಗೆ ನಡೆದಳು. ಅಡುಗೆಮನೆಯಲ್ಲೇ ನಿಂತು, ಬೆರಳಿಟ್ಟು ತೋರಿಸುತ್ತಾ ಎಲ್ಲ ಹೇಳಿದಳು. ನಾದಿನಿ ಮೊದಲು ಹುಬ್ಬು ಗಂಟಿಕ್ಕಿದಳು, ಆಮೇಲೆ ಕುತೂಹಲ ತಡೆಯಲಾಗಲಿಲ್ಲ.

"ಹಾಗಾದ್ರೆ ಅತ್ತಿಗೆ, ಸಂತೆಯಲ್ಲಿ ನಮ್ಮಣ್ಣನನ್ನ ಹೇಗೆ ಹುಡುಕ್ತೀರಿ?"

"ನಾನೆಲ್ಲಿ ಹುಡುಕ್ತೀನಿ? ಗೊಣಗೋದು ಕೇಳಿಸುತ್ತಲ್ಲ."

ನಾದಿನಿ ಬಿದ್ದು ಬಿದ್ದು ನಕ್ಕಳು.

ಅಂದಿನಿಂದ ಕತ್ತರಿ ಅಕ್ಕ ಗಿರಾಕಿಗಳಿಗೆ ಮುಚ್ಚುಮರೆಯಿಲ್ಲದೆ ಹೇಳತೊಡಗಿದಳು: "ಬಂದ ತಕ್ಷಣ ಹೆಸರು ಹೇಳಿಬಿಡಿ, ನಂಗೆ ಮುಖ ನೆನಪಿರಲ್ಲ." ಒಬ್ಬಿಬ್ಬರು ಇದೆಂಥ ಜಂಬ ಎಂದುಕೊಂಡು ಬೇರೆ ಸಲೂನು ಹಿಡಿದರು. ಉಳಿದವರು ಬಾಗಿಲಲ್ಲೇ ಹೆಸರು ಕೂಗಿ ಒಳಗೆ ಬರುವುದನ್ನು ರೂಢಿಮಾಡಿಕೊಂಡರು.