ಬೂಷ್ಟಿಗೊಂದು ಹೆಸರು

"ಮೇಡಂ, ಬೇಕಾದ್ರೆ ನಾನೇ ಪ್ರೆಸೆಂಟ್ ಮಾಡ್ತೀನಿ," ಎಂದ ಬದರಿನಾಥ, ಸ್ಲೈಡುಗಳನ್ನು ಪ್ರೊಜೆಕ್ಟರಿಗೆ ಜೋಡಿಸುತ್ತಾ.

"ಬ್ಯಾಡ್ರಿ," ಎಂದಳು ನೀಲಗಂಗಾ. "ನಾನ ಮಾಡ್ತೀನಿ."

ಅವನು ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಮರಗಳಿಗೆ ಹಿಡಿಯುವ ಬೂಷ್ಟನ್ನು ಪರೀಕ್ಷಿಸುವ ಮೇರಿಲ್ಯಾಂಡಿನ ಈ ಲ್ಯಾಬಿನಲ್ಲಿ ಅವಳ ಜೊತೆ ದುಡಿದವನು. ಆಸ್ಪತ್ರೆಯ ಕೌಂಟರಿನಲ್ಲಿ ಅವಳ ಗಂಡನ ಹೆಸರು ಕೇಳಿದಾಗಲೆಲ್ಲ ಉತ್ತರ ಕೊಟ್ಟವನೂ ಅವನೇ. ಗಂಡನ ಹೆಸರು ಬಾಯಲ್ಲಿ ಬರಬಾರದೆಂದು ಧಾರವಾಡದಲ್ಲಿ ಅಜ್ಜಿ ಕಲಿಸಿದ್ದನ್ನು ಪಿಎಚ್.ಡಿ. ಕೂಡ ಮರೆಸಿರಲಿಲ್ಲ.

ಎರಡು ವರ್ಷದ ಹಿಂದೆ ನಾರ್ತ್ ಕ್ಯಾರೊಲಿನಾದ ಬೆಟ್ಟಕ್ಕೆ, ಬೂಷ್ಟಿನ ಮಾದರಿ ಹುಡುಕಲು, ಅವಳನ್ನು ಕಾರಿನಲ್ಲಿ ಕರೆದುಕೊಂಡು ಹೋಗಿದ್ದು ಅವಳ ಗಂಡ. ಸೇತುವೆ ಕಟ್ಟುವ ಎಂಜಿನಿಯರಿಗೆ ಬೂಷ್ಟಿನ ಗೊಡವೆ ಯಾಕೆ? ಆದರೂ ಒಣಗುತ್ತಿದ್ದ ಸ್ಪ್ರೂಸ್ ಮರದ ತೊಗಟೆಯನ್ನು ಚಾಕುವಿನಿಂದ ಎಬ್ಬಿಸಿದ್ದು ಅವನೇ. ಒಳಗೆ ದುಂಬಿಗಳು ಕೊರೆದ ದಾರಿ, ಅದರ ಸುತ್ತ ಬೂಷ್ಟು ಹಿಡಿದು ನೀಲಿಗಟ್ಟಿದ ಮರ.

"ಹೊಸಾದು ಸಿಕ್ಕರ ನನ್ನ ಹೆಸರಿಡು," ಎಂದು ನಕ್ಕಿದ್ದ. "ಹಂಗಾದರೂ ಒಮ್ಮೆ ಬಾಯಿಬಿಟ್ಟು ಹೇಳತೀಯೇನೋ ನೋಡೂಣು."

"ಸುಮ್ನಿರ್ರೀ," ಎಂದಿದ್ದಳು.

ಮೈಕ್ರೊಸ್ಕೋಪಿನಡಿ ಕಪ್ಪು ಕೂದಲಿನಂಥ ಎಳೆಗಳು, ತುದಿಯಲ್ಲೊಂದು ಅಂಟು ಹನಿ. ಆ ಹನಿ ದುಂಬಿಯ ಬೆನ್ನಿಗೆ ಮೆತ್ತಿಕೊಂಡು ಮರದಿಂದ ಮರಕ್ಕೆ ಹೋಗುತ್ತದೆ. ಗೊತ್ತಿರುವ ಯಾವ ಜಾತಿಗೂ ಅದು ಹೊಂದಲಿಲ್ಲ. ಹೊಸದೇ ಎಂದು ಖಾತ್ರಿಯಾಗುವಷ್ಟರಲ್ಲಿ ಅವನು ಕಾಯಿಲೆ ಬಿದ್ದು, ಆಸ್ಪತ್ರೆಯಲ್ಲಿ ಮಾತು ಬಿಟ್ಟಿದ್ದ. ಹೆಸರು ಹಿಡಿದು ಕರೆಯಿರಿ, ಕೇಳಿಸಬಹುದು ಎಂದಿದ್ದಳು ನರ್ಸ್. ನೀಲಗಂಗಾ ಕಿವಿಯ ಹತ್ತಿರ ಬಗ್ಗಿ, "ರೀ... ರೀ..." ಎಂದಳು. ಅಷ್ಟೇ ಬಂತು. ಅವನು ಮತ್ತೆ ಕಣ್ಣು ತೆರೆಯಲೇ ಇಲ್ಲ. ಆ ಸಂಕಟ ಇವತ್ತಿಗೂ ಅವಳನ್ನು ಬಿಟ್ಟಿಲ್ಲ.

ಈಗ ಪರದೆಯ ಮೇಲೆ ಕೊನೆಯ ಸ್ಲೈಡ್ ಬಂತು. ಹೊಸ ಜಾತಿಯ ಹೆಸರು: 'ಒಫಿಯೊಸ್ಟೋಮಾ ಗುರುಶಾಂತಪ್ಪೇ'. ಮುಂದಿನ ಸಾಲಿನಲ್ಲಿದ್ದ ಡೈರೆಕ್ಟರ್ ಓದಲು ಹೋಗಿ ತಡವರಿಸಿದ.

"ಯಾರ ಹೆಸರಿದು? ಹೇಗೆ ಹೇಳಬೇಕು?" ಎಂದು ಇಂಗ್ಲಿಷಿನಲ್ಲಿ ಕೇಳಿದ.

ಬದರಿನಾಥ ಅಭ್ಯಾಸಬಲದಿಂದ ಅರ್ಧ ಎದ್ದ. ಅವಳು ಕೈಸನ್ನೆಯಲ್ಲೇ ಕೂರಿಸಿದಳು.

"ನನ್ನ ಗಂಡನ ಹೆಸರು," ಎಂದಳು. ಆಮೇಲೆ, ಮೆಲ್ಲಗೆ, "ಗುರುಶಾಂತಪ್ಪ."

"ಕ್ಷಮಿಸಿ, ಕೇಳಿಸಲಿಲ್ಲ."

"ಗುರುಶಾಂತಪ್ಪ!"

ಈ ಸಲ ಜೋರಾಗಿಯೇ ಬಂತು, ಪಕ್ಕದ ಕೋಣೆಯಲ್ಲಿರುವವರನ್ನು ಕರೆದ ಹಾಗೆ. ಡೈರೆಕ್ಟರ್ ತಲೆಯಾಡಿಸಿ ಬರೆದುಕೊಂಡ. ಯಾರೋ ಎದ್ದು ದೀಪ ಹಾಕಿದರು. ನೀಲಗಂಗಾ ಮಾತ್ರ, ಅವನು "ಓ" ಎನ್ನುವುದನ್ನು ಕಾಯುವವಳಂತೆ, ಬಾಗಿಲ ಕಡೆ ನೋಡುತ್ತಾ ನಿಂತೇ ಇದ್ದಳು.