ಅಭಿಷೇಕದ ನೀರು ಕುಡಿದ ಮರ

ಗಿರಿನಗರದ ಮನೆ ಮುಂದಿನ ಕ್ರಿಸ್‌ಮಸ್ ಮರದ ಸೂಜಿ ಎಲೆಗಳು ಹಳದಿಯಾಗಿ ಉದುರೋಕೆ ಶುರುವಾದಾಗ ಸೀತಾಲಕ್ಷ್ಮಿಗೆ ಹೊಟ್ಟೆ ಉರಿದುಹೋಯಿತು. ಉರಿಯದೆ ಇನ್ನೇನು? ಲಾಲ್‌ಬಾಗಿನಿಂದ ಗೇಣುದ್ದದ ಸಸಿಯನ್ನು ಬಿಟಿಎಸ್ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದು, ಮಹಡಿಯೆತ್ತರ ಬೆಳೆಸಿದವಳು ಅವಳು.

ಗಂಡ ಅನಂತರಾಮು ಮಾತ್ರ, "ಅದರ ಆಯಸ್ಸು ಮುಗೀತು ಕಣೇ. ಮನೆ ಮುಂದೆ ಒಣಮರ ಇರಬಾರದು. ಪರ್ಮಿಷನ್ನೂ ಸಿಕ್ಕಿದೆ, ಭಾನುವಾರ ದಾಸಪ್ಪ ಬಂದು ಕಡೀತಾನೆ," ಅಂದುಬಿಟ್ಟರು.

"ಭಾನುವಾರ ಬರಲಿ, ನೋಡೋಣ," ಅಂದಳು. ಹಠಕ್ಕೆ ಬಿದ್ದರೆ ಯಮನನ್ನೂ ಗೇಟಿನ ಹೊರಗೆ ಕಾಯಿಸುವ ಹೆಂಗಸು ಅವಳು.

ನುಸಿ ಇರಬಹುದೆಂದು ಕೊಂಬೆಯ ಕೆಳಗೆ ಬಿಳಿ ಕಾಗದ ಹಿಡಿದು ತಟ್ಟಿದಳು. ಒಂದು ಹುಳವೂ ಬೀಳಲಿಲ್ಲ. ನೀರು ಸಾಲದೇನೋ ಅಂತ ಬುಡಕ್ಕೆ ಬೆರಳು ತೂರಿಸಿದಳು, ಬೆರಳು ಕೆಸರಾಯಿತು. ಅಲ್ಲಾ, ಅವಳು ನೀರು ಹಾಕಿ ವಾರದ ಮೇಲಾಗಿತ್ತಲ್ಲ! ಸೆರಗು ಸಿಕ್ಕಿಸಿ, ಕುರ್ಪಿ ಹಿಡಿದು ಕೆರೆದೇಬಿಟ್ಟಳು. ಕಪ್ಪು ಮಣ್ಣು, ಹಿಚುಕಿದರೆ ಸಿಪ್ಪೆ ಕಳಚಿ ಬರುವ ಬೇರು, ಜೊತೆಗೆ ಹಳಸಿದ ಮೊಸರಿನ ವಾಸನೆ.

ಮೊಸರು ಅಂದಕೂಡಲೇ ಎಲ್ಲಾ ಹೊಳೆಯಿತು. ರಿಟೈರಾದ ಮೇಲೆ ಅನಂತರಾಮು ದಿನಾ ಸಾಲಿಗ್ರಾಮಕ್ಕೆ ಪಂಚಾಮೃತದ ಅಭಿಷೇಕ ಮಾಡುತ್ತಿದ್ದರು. ಆ ನೀರನ್ನು ಯಾರೂ ತುಳಿಯಬಾರದಲ್ಲ, ಅದಕ್ಕೆ ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆ ಎಲ್ಲಾ ಸೇರಿದ ತಪ್ಪಲೆ ನೀರನ್ನು ಇದೇ ಮರದ ಬುಡಕ್ಕೆ ಸುರಿದು, ಕೈಮುಗಿದು ಬರುತ್ತಿದ್ದರು.

ದೇವರ ವಿಷಯ. ಬಾಯಿಬಿಟ್ಟರೆ ಮನೆಯಲ್ಲಿ ದೊಡ್ಡ ರಾಮಾಯಣ. ಆದರೂ ಕೊಳೆತ ಬೇರನ್ನು ತಂದು, ಪೇಪರ್ ಓದುತ್ತಿದ್ದ ಗಂಡನ ಮೂಗಿನ ಕೆಳಗೆ ಹಿಡಿದಳು.

"ಅತಿಯಾದರೆ ಅಮೃತವೂ ವಿಷ ರೀ. ಮೂಸಿ ನೋಡಿ."

ಅವರು ಮೂಸಿದರು. ಮುಖ ಸಪ್ಪಗಾಯಿತು. "ಪುಣ್ಯ ಅಂತ ಹಾಕಿದ್ದು ಕಣೇ. ಈಗ ಪೂಜೆ ನಿಲ್ಲಿಸು ಅಂತೀಯಾ?"

"ಯಾರು ಹೇಳಿದ್ದು? ದೇವರಿಗೆ ಒಂದು ಉದ್ಧರಣೆ ಹಾಲು ಸಾಕು. ಆ ನೀರು ದಿನಕ್ಕೊಂದು ಗಿಡಕ್ಕೆ ಹೋಗಲಿ. ಈ ಮರಕ್ಕೆ ಮಾತ್ರ ಏಕಾದಶಿ."

ಅವರು ಪೇಪರ್ ಮಡಚಿಟ್ಟು ಒಳಗೆ ಎದ್ದುಹೋದರು. ಅವಳೇ ಕೊಳೆತ ಬೇರು ಕತ್ತರಿಸಿ, ಹುಳಿ ಮಣ್ಣು ಎತ್ತಿಹಾಕಿ, ಮರಳು ಬೆರೆಸಿದ ಹೊಸ ಮಣ್ಣು ತುಂಬಿದಳು. ನೀರು ನಿಲ್ಲದಂತೆ ಗೇಟಿನವರೆಗೆ ಸಣ್ಣ ಕಾಲುವೆ ತೋಡಿದಳು. ಸೊಂಟ ಹಿಡಿದುಕೊಂಡಿತು, ಬಿಡಲಿಲ್ಲ.

ಭಾನುವಾರ ದಾಸಪ್ಪ ಗರಗಸ ಹೆಗಲಿಗೇರಿಸಿ ಬಂದ. ಜಗಳಕ್ಕೆ ನಾಲಗೆ ಮಸೆದುಕೊಂಡು ಸೀತಾಲಕ್ಷ್ಮಿ ಹೊರಗೆ ಬಂದರೆ, ಅನಂತರಾಮು ಆಗಲೇ ಮಡಿಪಂಚೆಯಲ್ಲೇ ಗೇಟಿಗೆ ಅಡ್ಡ ನಿಂತಿದ್ದರು.

"ಇವತ್ತು ಬೇಡಪ್ಪ," ಅನ್ನುತ್ತಿದ್ದರು. "ತಪ್ಪು ನಂದು. ಮರ ಉಪವಾಸದಲ್ಲಿದೆ, ಮುಟ್ಟಬೇಡ."