ಡಾಕ್ಟರ್ ಹೇಳ್ತಾರೆ

ಆಸ್ಪತ್ರೆಯಲ್ಲಿ ಜೊತೆಯವರೆಲ್ಲ ಅವಳನ್ನು ಎಕ್ಸರೇ ಅಕ್ಕ ಅಂತಲೇ ಕರೆಯುತ್ತಿದ್ದರು. ರೋಗಿಗಳು ಮಾತ್ರ ಒಮ್ಮೆ ಸಿಸ್ಟರ್ ಅನ್ನುವರು, ಇನ್ನೊಮ್ಮೆ ಡಾಕ್ಟರಮ್ಮ ಅನ್ನುವರು. ಎರಡೂ ಅಲ್ಲ ಅಂತ ತಿದ್ದುವುದನ್ನು ಅವಳು ಬಿಟ್ಟು ಬಹಳ ಕಾಲವಾಗಿತ್ತು. ಬಿದ್ದು ಸೊಂಟ ಮುರಿದುಕೊಂಡವರನ್ನು ಮೇಜಿನ ಮೇಲೆ ಹೊರಳಿಸಿ ಮಲಗಿಸಬೇಕು, ಎದ್ದು ಬರಲಾರದವರ ಹಾಸಿಗೆಯ ಬಳಿಗೆ ಚಕ್ರದ ಎಕ್ಸರೇ ಯಂತ್ರವನ್ನು ತಳ್ಳಿಕೊಂಡು ಹೋಗಬೇಕು, ಕಿರಣ ತಾಗದಂತೆ ಮೈಮೇಲೆ ಸೀಸದ ಏಪ್ರನ್ ಹೊತ್ತಿರಬೇಕು. ಇಷ್ಟರ ನಡುವೆ ಹೆಸರಿನ ತಕರಾರು ಯಾರಿಗೆ ಬೇಕು?

ಆ ವಿಭಾಗದಲ್ಲಿ ಮೂರು ಮೆಟ್ಟಿಲಿದ್ದವು. ಕೆಳಗೆ ತಂತ್ರಜ್ಞರು, ನಡುವೆ ಹಿರಿಯ ತಂತ್ರಜ್ಞರು, ಮೇಲೆ ವಿಭಾಗದ ಮುಖ್ಯಸ್ಥರು. ಡಿಪ್ಲೊಮಾ ಮಾಡಿದವರು ಕೆಳಗಿನಿಂದ ಶುರು ಮಾಡಬೇಕು. ಡಿಗ್ರಿ ಮಾಡಿ ಬಂದವರು ನೇರವಾಗಿ ನಡುವಿನದಕ್ಕೆ ಬಂದು ಕೂರುತ್ತಾರೆ. ಡಿಪ್ಲೊಮಾದವರೂ ಮೇಲೆ ಹತ್ತಬಹುದು, ಆದರೆ ಅದಕ್ಕೆ ಸರ್ವೀಸು ಒಂದಿದ್ದರೆ ಸಾಲದು. ಮೈಯನ್ನು ಹೋಳುಹೋಳಾಗಿ ಚಿತ್ರ ತೆಗೆಯುವ ಸಿ.ಟಿ. ಯಂತ್ರದ ಕೆಲಸವೂ ಗೊತ್ತಿರಬೇಕು, ವಿಭಾಗದ ಪರೀಕ್ಷೆ ಪಾಸಾಗಬೇಕು. ಅವಳದು ಡಿಪ್ಲೊಮಾ. ಮಗಳು ಚಿಕ್ಕವಳಿದ್ದಾಗ ಮುಂದಿನ ವರ್ಷ ಬರೆಯೋಣ ಅಂದುಕೊಂಡಳು, ಮಾವನಿಗೆ ಹುಷಾರಿಲ್ಲದಾಗ ಮುಂದಿನ ವರ್ಷ ಅಂದುಕೊಂಡಳು. ಹಾಗೆ ಅಂದುಕೊಳ್ಳುತ್ತಲೇ ಮಗಳು ಓದಿ, ಮದುವೆಯಾಗಿ, ಬೇರೆ ಊರು ಸೇರಿದ್ದಳು. ಮಾವ ಹೋಗಿಯೇಬಿಟ್ಟಿದ್ದರು. ಮೆಟ್ಟಿಲು ಮಾತ್ರ ಅಲ್ಲೇ ಇತ್ತು, ಅವಳೂ ಅದರ ಬುಡದಲ್ಲೇ ಇದ್ದಳು.

ಈಗಿನ ಮುಖ್ಯಸ್ಥೆ ಒಂದು ಕಾಲಕ್ಕೆ ಅವಳ ಕೈಕೆಳಗೆ ತರಬೇತಿಗೆ ಬಂದಿದ್ದ ಹುಡುಗಿ. ಆಗ ಎಲ್ಲರೂ ಪುಟ್ಟಿ ಅನ್ನುತ್ತಿದ್ದರು. ಡಿಗ್ರಿ ಮುಗಿಸಿಕೊಂಡು ಬಂದಮೇಲೆ ಪುಟ್ಟಿ ಪುಟ್ಟ ಮೇಡಂ ಆದಳು. ಅವಳ ಮೇಲೆ ಹೊಟ್ಟೆಕಿಚ್ಚು ಇಲ್ಲವಾ ಅಂತ ಯಾರೋ ಕೇಳಿದ್ದಕ್ಕೆ ಎಕ್ಸರೇ ಅಕ್ಕ, "ಹೊಟ್ಟೆಕಿಚ್ಚು ಪಡೋಕೂ ಮೈಯಲ್ಲಿ ಒಂದಿಷ್ಟು ತ್ರಾಣ ಬೇಕಲ್ಲಪ್ಪ" ಅಂದಿದ್ದಳು.

ಆ ವರ್ಷ ಭುಜದ ನೋವು ಹೆಚ್ಚಾಯಿತು. ಹಿರಿಯ ತಂತ್ರಜ್ಞೆಯಾದರೆ ಯಂತ್ರ ತಳ್ಳುವುದು ತಪ್ಪುತ್ತದೆ, ರಾತ್ರಿ ಪಾಳಿ ತಪ್ಪುತ್ತದೆ. ಆ ಆಸೆಗೇ ಪರೀಕ್ಷೆಗೆ ಹೆಸರು ಕೊಟ್ಟಳು. ಬಸ್ಸಿನಲ್ಲಿ, ಊಟದ ಬಿಡುವಿನಲ್ಲಿ, ಒಲೆ ಮುಂದೆ ನಿಂತು ಓದಿದಳು. ಓದಿದ್ದು ತಲೆಗೆ ಹತ್ತುತ್ತಿರಲಿಲ್ಲ, ಹತ್ತಿದ್ದು ನಿಲ್ಲುತ್ತಿರಲಿಲ್ಲ.

"ಇಡೀ ದಿನ ಮೂಳೆ ನೋಡ್ತೀಯ, ಮನೆಗೆ ಬಂದು ಮೂಳೆ ಪುಸ್ತಕ ಓದ್ತೀಯ. ಹಾಲು ಉಕ್ಕಿದ್ದು ಮಾತ್ರ ಕಾಣ್ಸಲ್ಲ ನಿಂಗೆ" ಅನ್ನುತ್ತಿದ್ದರು ಅತ್ತೆ.

"ನೀವು ಅಲ್ಲೇ ಕೂತಿದ್ರಲ್ಲ, ಒಲೆ ಆರಿಸೋಕೆ ಏನಾಗಿತ್ತು?" ಅನ್ನುತ್ತಿದ್ದಳು ಅವಳು.

"ನಂಗೆ ಕಣ್ಣು ಕಾಣ್ಸಲ್ಲ."

"ಕಿವಿ ಕೇಳ್ಸುತ್ತಲ್ಲ, ಉಕ್ಕಿದ ಸದ್ದು ಬರ್ಲಿಲ್ವಾ?"

ಮದುವೆಯಾಗಿ ಬಂದ ಲಾಗಾಯ್ತು ಇಬ್ಬರೂ ಮಾತಾಡುತ್ತಿದ್ದದ್ದೇ ಹೀಗೆ. ಪ್ರೆಸ್ಸಿನಲ್ಲಿ ಕೆಲಸ ಮಾಡುವ ಗಂಡ ಈ ಮಾತುಗಳ ನಡುವೆ ಊಟ ಮಾಡಿ ಎದ್ದುಹೋಗುವುದನ್ನು ಚೆನ್ನಾಗಿ ಕಲಿತಿದ್ದ.

ಪರೀಕ್ಷೆ ಸೋಮವಾರ ಮಧ್ಯಾಹ್ನ ಅಂತ ಗೊತ್ತಾಯಿತು. ಅದರ ಹಿಂದಿನ ಶನಿವಾರವೇ ಅತ್ತೆ ಆಸ್ಪತ್ರೆಗೆ ಬಂದರು. ಕಣ್ಣಿನ ಪೊರೆ ತೆಗೆಯುವ ಆಪರೇಷನ್ ಇತ್ತು, ಅದಕ್ಕೆ ಮುಂಚೆ ಎದೆಯ ಎಕ್ಸರೇ ಬೇಕು ಅಂದಿದ್ದರು ಡಾಕ್ಟರು.

"ಕಣ್ಣಿಗೆ ಆಪರೇಷನ್ ಮಾಡೋಕೆ ಎದೆ ಯಾಕೆ ನೋಡ್ತಾರೆ? ಕಣ್ಣು ಎಲ್ಲಿರುತ್ತೆ ಅಂತ ಗೊತ್ತಿಲ್ವಾ ಇವರಿಗೆ?" ಅಂದರು ಅತ್ತೆ, ಹೊರಗೆ ಸರತಿಯಲ್ಲಿ ಕೂತವರಿಗೆಲ್ಲ ಕೇಳುವ ಹಾಗೆ.

ಅವಳು ಬೆಳಗಿನ ಪಾಳಿ ಮುಗಿಸುವ ಆತುರದಲ್ಲಿದ್ದಳು. ಹೊರಗೆ ಒಂದು ಸ್ಟ್ರೆಚರ್ ಬಂದು ನಿಂತಿತ್ತು, ಅದರ ಜೊತೆಯವರು ಬಾಗಿಲು ಬಡಿಯುತ್ತಿದ್ದರು. ಅತ್ತೆಗೆ ಆಸ್ಪತ್ರೆಯ ಗೌನು ತೊಡಿಸಿದಳು, ಕತ್ತಿನ ಸರ ತೆಗೆಸಿದಳು, ಎದೆಯನ್ನು ಹಲಗೆಗೆ ಒತ್ತಿ ನಿಲ್ಲಿಸಿದಳು.

"ಗಲ್ಲ ಮೇಲೆತ್ತಿ. ಭುಜ ಮುಂದಕ್ಕೆ ತಳ್ಳಿ. ಉಸಿರು ಎಳ್ಕೊಳ್ಳಿ. ಹಾಗೇ ಹಿಡ್ಕೊಳ್ಳಿ, ಮಾತಾಡ್ಬೇಡಿ."

ಅತ್ತೆ ಮಾತಾಡದೆ ನಿಂತದ್ದನ್ನು ಅವಳು ಅವತ್ತೇ ನೋಡಿದ್ದು.

ಚಿತ್ರ ಪರದೆಯ ಮೇಲೆ ಮೂಡಿತು. ಎಡಗಡೆ, ಎದೆಗೂಡಿನ ಮೇಲುಭಾಗದಲ್ಲಿ, ಉದ್ದನೆಯ ಬೆಳ್ಳಗಿನ ನೆರಳು. ಇಂಥ ನೆರಳುಗಳನ್ನು ಅವಳು ಎಷ್ಟೋ ಜನರ ಎದೆಯಲ್ಲಿ ಕಂಡಿದ್ದಳು. ಆಮೇಲೆ ಅದೇ ಜನ ತೆಳ್ಳಗಾಗಿ, ಇನ್ನೊಬ್ಬರ ಕೈಹಿಡಿದು ಮತ್ತೆ ಮತ್ತೆ ಬಂದದ್ದನ್ನೂ ಕಂಡಿದ್ದಳು. ಮತ್ತೊಮ್ಮೆ ನೋಡುವ ಧೈರ್ಯ ಬರಲಿಲ್ಲ. ಚಿತ್ರವನ್ನು ವರದಿಗೆ ಕಳಿಸಿ ಪರದೆಯನ್ನು ಮುಚ್ಚಿಬಿಟ್ಟಳು.

"ಏನು ಕಾಣ್ಸ್ತು?" ಅತ್ತೆ ಗೌನಿನ ದಾರ ಹುಡುಕುತ್ತ ಕೇಳಿದರು.

"ಅದನ್ನ ಡಾಕ್ಟರ್ ಹೇಳ್ತಾರೆ" ಅಂದಳು ಅವಳು.

ಈ ಮಾತು ಅವಳ ನಾಲಿಗೆಯ ಮೇಲೇ ಇರುತ್ತಿತ್ತು. ಚಿತ್ರ ತೆಗೆಯುವುದಷ್ಟೇ ಅವಳ ಕೆಲಸ, ಓದಿ ಹೇಳುವುದು ರೇಡಿಯಾಲಜಿ ಡಾಕ್ಟರ ಕೆಲಸ. ಆದರೆ ಡಾಕ್ಟರು ಹೊರಟುಹೋಗಿದ್ದರು, ಬರುವುದು ಇನ್ನು ಸೋಮವಾರವೇ. ಪುಟ್ಟ ಮೇಡಂಗೆ ರಜೆ. ತುರ್ತು ವಿಭಾಗದ ಡಾಕ್ಟರಿಗೆ ತೋರಿಸಬಹುದಿತ್ತು. ಎರಡು ಸಲ ಅವರ ಬಾಗಿಲವರೆಗೂ ಹೋಗಿ ಬಂದಳು. ಕೇಳಿಬಿಟ್ಟರೆ ಅವರು ಉತ್ತರ ಹೇಳಿಬಿಡುತ್ತಾರಲ್ಲ, ಅದೇ ಭಯ.

ಗಂಡನಿಗೂ ಹೇಳಲಿಲ್ಲ. ತಾಯಿಯ ವಿಷಯದಲ್ಲಿ ಅವನು ಹೆದರುಪುಕ್ಕಲ, ಅವನ ಮುಖ ನೋಡಿದರೇ ಅತ್ತೆಗೆ ಗೊತ್ತಾಗಿಬಿಡುತ್ತದೆ. ಎರಡು ದಿನ ತಾನೇ ಹೊಟ್ಟೆಯಲ್ಲಿಟ್ಟುಕೊಂಡರಾಯಿತು ಅಂದುಕೊಂಡಳು.

ಆ ಸಂಜೆ ಅತ್ತೆ, "ಟೀ ಇದು? ಬಿಸಿನೀರಿಗೆ ಬಣ್ಣ ಬಂದಿದೆ ಅಷ್ಟೆ" ಅಂದರು.

"ಬೇರೆ ಮಾಡ್ಕೊಡ್ತೀನಿ ಅತ್ತೆ, ಕೊಡಿ" ಅಂದಳು ಅವಳು.

ಅತ್ತೆ ಲೋಟ ಕೊಡದೆ ಅವಳ ಕಡೆಗೇ ಮುಖ ಮಾಡಿ ಕೂತರು.

ಭಾನುವಾರ ಬೆಳಿಗ್ಗೆ ಅತ್ತೆಯ ಬೆನ್ನಿಗೆ ಎಣ್ಣೆ ತಿಕ್ಕಲು ತಾನಾಗಿಯೇ ಹೋದಳು. ದಿಂಬಿನ ಚೀಲ ಬದಲಿಸಿದಳು. ಮಗನಿಗೆ ಚಿಕ್ಕಂದಿನಲ್ಲಿ ದಡಾರ ಬಂದಾಗಿನ ಕತೆಯನ್ನು ಅತ್ತೆ ಎಷ್ಟನೆಯ ಸಲವೋ ತೆಗೆದರು, ಅವಳು ಪುಸ್ತಕ ಮುಚ್ಚಿಟ್ಟು ಪೂರ್ತಿ ಕೇಳಿದಳು. ಮಧ್ಯದಲ್ಲಿ "ಆಮೇಲೆ?" ಅಂತಲೂ ಅಂದಳು. ಅಲ್ಲಿಗೆ ಅತ್ತೆ ಕತೆ ನಿಲ್ಲಿಸಿಬಿಟ್ಟರು.

"ಕೂತ್ಕೋ ಇಲ್ಲಿ" ಅಂದರು.

ಅವಳು ಮಂಚದ ತುದಿಯಲ್ಲಿ ಕೂತಳು.

"ನಿನ್ನೆಯಿಂದ ನೀನು ನನ್ಮೇಲೆ ಒಂದ್ಸಲಾನೂ ರೇಗಿಲ್ಲ. ಎದುರುತ್ತರ ಇಲ್ಲ, ಪಾತ್ರೆ ಕುಕ್ಕಿಲ್ಲ. ನನ್ನ ಎದೇಲಿ ಏನೋ ಕಂಡಿದ್ದೀಯ ನೀನು."

"ಹಂಗೇನಿಲ್ಲ ಅತ್ತೆ. ಅದನ್ನ ಡಾಕ್ಟರ್..."

"ಡಾಕ್ಟರ್ ಹೇಳ್ತಾರೆ, ಗೊತ್ತು. ನಿಮ್ಮಾವನಿಗೂ ನೀನು ಹಿಂಗೇ ಅಂದಿದ್ದೆ. ಆಗ್ಲೂ ಮೂರು ದಿನ ಮೆತ್ತಗೆ ಮಾತಾಡಿದ್ದೆ ನೀನು."

ಅತ್ತೆ ಅಳಲಿಲ್ಲ. ಹೊದಿಕೆಯ ಅಂಚನ್ನು ಬೆರಳಲ್ಲಿ ಸುತ್ತುತ್ತ, "ಅವನಿಗೆ ಹೇಳ್ಬೇಡ. ನೀನು ನಾಳೆ ಪರೀಕ್ಷೆಗೆ ಓದು ಹೋಗು" ಅಂದರು.

ಆಮೇಲೆ ಮಗನನ್ನು ಅಡುಗೆಮನೆಗೆ ಕರೆದರು. ಅನ್ನಕ್ಕೆ ಎಷ್ಟು ನೀರು, ಯಾವ ಡಬ್ಬಿಯಲ್ಲಿ ಏನು, ಒಲೆ ಯಾವಾಗ ಸಣ್ಣ ಮಾಡಬೇಕು, ಎಲ್ಲ ಹೇಳಿಕೊಟ್ಟರು. ಅವನು ಕಕ್ಕಾಬಿಕ್ಕಿಯಾಗಿ, "ಇದ್ದಕ್ಕಿದ್ದಂಗೆ ಯಾಕಮ್ಮಾ?" ಅಂದ. "ಅವಳು ದುಡಿದು ದುಡಿದು ಸವೆದು ಹೋಗ್ತಿದ್ದಾಳೆ, ನಿಂಗೆ ಕಾಣ್ಸಲ್ವಾ? ನಂಗೆ ಪೊರೆ ಬಂದಿರೋದು, ನಿಂಗೇನು ಬಂದಿದೆ?" ಅಂದರು ಅತ್ತೆ. ಒಳಗೆ ಪುಸ್ತಕ ಹಿಡಿದು ಕೂತಿದ್ದ ಅವಳಿಗೆ ಸಾಲುಗಳು ಮಸಕಾದವು. ಸಿ.ಟಿ.ಯ ಪಾಠ ಅವತ್ತು ಒಂದಕ್ಷರವೂ ಮುಂದೆ ಹೋಗಲಿಲ್ಲ.

ಸೋಮವಾರ ಅವಳು ಹೋಗುವಷ್ಟರಲ್ಲಿ ಪುಟ್ಟ ಮೇಡಂ ಶನಿವಾರದ ಚಿತ್ರಗಳನ್ನು ಒಂದೊಂದಾಗಿ ತೆರೆದು ನೋಡುತ್ತಿದ್ದಳು. ಡಾಕ್ಟರಿಗೆ ಹೋಗುವ ಮುಂಚೆ ಚಿತ್ರ ಸರಿಯಾಗಿದೆಯಾ ಅಂತ ನೋಡುವುದು ಮುಖ್ಯಸ್ಥೆಯ ಕೆಲಸ.

"ಅಕ್ಕ, ಇದನ್ನ ಯಾರು ತೆಗೆದಿದ್ದು? ಜಡೆ ಹಾಗೇ ಬಿಟ್ಬಿಟ್ಟಿದ್ದಾರಲ್ಲ."

ಅವಳು ಏಪ್ರನ್ನನ್ನು ಕೈಯಲ್ಲೇ ಹಿಡಿದುಕೊಂಡು ಪರದೆಯ ಹತ್ತಿರ ಬಂದಳು. ಅದೇ ಎದೆ. ಅದೇ ನೆರಳು.

"ಜಡೆನಾ?" ಅಂದಳು.

"ನೋಡಿ, ಶ್ವಾಸಕೋಶ ಇಲ್ಲಿಗೆ ಮುಗೀತು. ನೆರಳು ಅದನ್ನೂ ದಾಟಿ ಕತ್ತಿನವರೆಗೂ ಹೋಗಿದೆ. ಹೆಣಿಗೆ ಕೂಡ ಕಾಣ್ಸುತ್ತೆ, ಇಲ್ಲಿ, ಇಲ್ಲಿ. ಗಾಬರಿಯಾಗೋ ಹಂಗೇ ಇದೆ, ಆದ್ರೆ ಜಡೆ ಅಕ್ಕ."

ಈಗ ಅವಳಿಗೂ ಕಂಡಿತು. ಮೊದಲ ವರ್ಷದ ಹುಡುಗಿಯರಿಗೆ ಅವಳೇ ಹೇಳಿಕೊಡುತ್ತಿದ್ದ ಪಾಠ ಅದು: ಸರ ತೆಗೆಸಿ, ಕೂದಲು ಮೇಲೆ ಕಟ್ಟಿಸಿ. ಗೌನು ತೊಡಿಸುವಾಗ ಅತ್ತೆಯ ತುರುಬು ಬಿಚ್ಚಿ ಜಡೆ ಭುಜದ ಮೇಲೆ ಇಳಿದಿರಬೇಕು. ಬಾಗಿಲು ಬಡಿಯುವ ಸದ್ದಿನಲ್ಲಿ, ಪಾಳಿ ಮುಗಿದರೆ ಸಾಕೆನ್ನುವ ಸುಸ್ತಿನಲ್ಲಿ ಅವಳು ನೋಡಿರಲಿಲ್ಲ. ಆಮೇಲೆ ಪರದೆಯನ್ನೂ ಸರಿಯಾಗಿ ನೋಡಿರಲಿಲ್ಲ.

"ನಾನೇ ತೆಗೆದಿದ್ದು" ಅಂದಳು. "ನಮ್ಮತ್ತೆ."

ಪುಟ್ಟ ಮೇಡಂ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದಳು. ಅವಳ ಮುಖ ನೋಡಿ, "ಶನಿವಾರದಿಂದ ಒಬ್ರೇ ಇಟ್ಕೊಂಡು ಕೂತಿದ್ರಾ?" ಅಂದಳು. "ನಂಗೊಂದು ಫೋನ್ ಮಾಡ್ಬಾರ್ದಿತ್ತಾ ಅಕ್ಕ?"

"ಮಾಡ್ಬಹುದಿತ್ತು" ಅಂದಳು ಅವಳು. ಕೂತುಕೊಳ್ಳಬೇಕು ಅನ್ನಿಸಿ ಅಲ್ಲೇ ರೋಗಿಗಳ ಸ್ಟೂಲಿನ ಮೇಲೆ ಕೂತಳು.

ಗಂಡ ಅತ್ತೆಯನ್ನು ಮತ್ತೆ ಕರೆದುಕೊಂಡು ಬಂದ. ಈ ಸಲ ಪುಟ್ಟ ಮೇಡಂ ತಾನೇ ಜಡೆಯನ್ನು ನೆತ್ತಿಗೆ ಸುತ್ತಿ ಕಟ್ಟಿ ಚಿತ್ರ ತೆಗೆದಳು. ಡಾಕ್ಟರು ಬಂದು ನೋಡಿ, ಎದೆ ಸ್ವಚ್ಛವಾಗಿದೆ, ಆಪರೇಷನ್ನಿಗೆ ಏನೂ ಅಡ್ಡಿಯಿಲ್ಲ ಅಂದರು. ಹಾಗೆಯೇ ಅವಳ ಕಡೆ ತಿರುಗಿ, "ಮೊದಲನೇ ಫಿಲ್ಮ್ ಯಾಕೆ ಕೆಟ್ಟಿತು?" ಅಂತ ಕೇಳಿದರು.

"ನನ್ನ ತಪ್ಪು ಸರ್. ಕೂದಲು ನೋಡ್ಲಿಲ್ಲ."

ಡಾಕ್ಟರು ತಲೆಯಾಡಿಸಿ ಮುಂದಿನ ಚಿತ್ರ ತೆರೆದರು. ಮಧ್ಯಾಹ್ನದ ಪರೀಕ್ಷೆಯಲ್ಲಿ ಮೌಖಿಕ ತೆಗೆದುಕೊಳ್ಳುವವರು ಅವರೇ ಆಗಿದ್ದರು. ಅದು ಅವಳಿಗೂ ಗೊತ್ತಿತ್ತು.

ಹೊರಗೆ ಬೆಂಚಿನ ಮೇಲೆ ಅತ್ತೆಗೆ ವಿಷಯ ಹೇಳಿದಳು. ಅತ್ತೆ ಕೇಳಿಸಿಕೊಂಡರು. ಇನ್ನೊಂದು ಸಲ ಹೇಳಿಸಿಕೊಂಡರು. ಜಡೆಯನ್ನು ಒಮ್ಮೆ ಮುಟ್ಟಿ ನೋಡಿಕೊಂಡರು.

"ಇದಾ? ಇದಕ್ಕಾ? ಎರಡು ದಿನ ಜೀವಂತ ಸಾಯ್ಸಿದ್ಯಲ್ಲೇ ನನ್ನ! ನನ್ನ ಒಳ್ಳೇ ಪಾತ್ರೆಗಳಲ್ಲಿ ಯಾವ್ಯಾವ್ದು ಮೊಮ್ಮಗಳಿಗೆ ಅಂತ ಕೂಡ ಯೋಚ್ನೆ ಮಾಡ್ಬಿಟ್ಟಿದ್ದೆ."

"ಏನಾಯ್ತು? ಯಾರಿಗೆ ಏನಾಯ್ತು?" ಅಂದ ಗಂಡ, ಇಬ್ಬರ ಮುಖವನ್ನೂ ನೋಡುತ್ತ.

"ನಿಂಗೆ ಅನ್ನ ಮಾಡೋಕೆ ಬಂತಲ್ಲ, ಅಷ್ಟೇ ಲಾಭ. ನಡಿ" ಅಂದರು ಅತ್ತೆ. ಏಳುವಾಗ ಸೊಸೆಯ ಭುಜ ಹಿಡಿದೇ ಎದ್ದರು, ಅದೂ ನೋಯುವ ಭುಜವನ್ನೇ. ಎದ್ದ ಮೇಲೂ ಒಂದು ಕ್ಷಣ ಕೈ ತೆಗೆಯಲಿಲ್ಲ. ಅವಳೂ ನೋವಾಯಿತು ಅನ್ನಲಿಲ್ಲ.

ಮಧ್ಯಾಹ್ನ ಪರೀಕ್ಷೆ ನಡೆಯಿತು. ಎಕ್ಸರೇ ಪ್ರಶ್ನೆಗಳಿಗೆಲ್ಲ ಸಲೀಸಾಗಿ ಉತ್ತರ ಬರೆದಳು. ಸಿ.ಟಿ.ಯ ಭಾಗದಲ್ಲಿ ಅರ್ಧ ಹಾಳೆ ಖಾಲಿ ಉಳಿಯಿತು. ಮೌಖಿಕದಲ್ಲಿ ಡಾಕ್ಟರು ಬೆಳಗಿನ ವಿಷಯ ಎತ್ತಲಿಲ್ಲ. ಸಿ.ಟಿ. ಚಿತ್ರದ ಎರಡು ಹೋಳು ತೋರಿಸಿ, ಇದರಲ್ಲಿ ಯಾವುದಕ್ಕೆ ಔಷಧ ಚುಚ್ಚಿ ತೆಗೆದಿದ್ದು, ಯಾಕೆ, ಅಂತ ಕೇಳಿದರು. ಅವಳು ಯಾವುದಕ್ಕೆ ಅಂತ ಹೇಳಿದಳು, ಯಾಕೆ ಅನ್ನುವುದು ಬರಲಿಲ್ಲ. ಓದಿದ್ದಳು, ಎಲ್ಲಿ ಓದಿದ್ದು ಅಂತಲೂ ನೆನಪಿತ್ತು. ಉತ್ತರ ಮಾತ್ರ ನೆನಪಿರಲಿಲ್ಲ.

ಆ ವಾರದ ಕೊನೆಗೆ ಪುಟ್ಟ ಮೇಡಂ ಅವಳನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದಳು. ಬಾಗಿಲು ಮುಚ್ಚಿದಾಗಲೇ ಅವಳಿಗೆ ಅರ್ಥವಾಯಿತು.

"ಸಿ.ಟಿ.ಯಲ್ಲಿ ಹೋಯ್ತು ಅಕ್ಕ. ನಾನು ಏನಾದ್ರೂ ಮಾಡೋ ಹಾಗಿದ್ರೆ..."

"ಏನೂ ಮಾಡ್ಬೇಡ. ಬರ್ಲಿಲ್ಲ, ಅದಕ್ಕೆ ಹೋಯ್ತು" ಅಂದಳು ಅವಳು. ಮೇಡಂ ಅನ್ನಲು, ಬಹುವಚನ ಹಾಕಲು ಮರೆತಿದ್ದು ಇಬ್ಬರ ಗಮನಕ್ಕೂ ಬಂತು.

"ಮುಂದಿನ ತಿಂಗಳಿಂದ ಮಧ್ಯಾಹ್ನ ಸಿ.ಟಿ. ರೂಮಿಗೆ ಹಾಕ್ತೀನಿ ನಿಮ್ಮನ್ನ. ಪುಸ್ತಕದಲ್ಲಿ ಓದಿದ್ರೆ ಅದು ಬರಲ್ಲ, ಯಂತ್ರದ ಮುಂದೆ ಕೂತ್ರೆ ಬರುತ್ತೆ. ಮೊದ್ಲೇ ಹಾಕ್ಬೇಕಿತ್ತು. ಇಲ್ಲಿ ನೀವಿಲ್ದೆ ನಡೆಯಲ್ಲ ಅಂತ ನಾನೇ ಬಿಟ್ಟಿರ್ಲಿಲ್ಲ."

ಅವಳು ತಲೆಯಾಡಿಸಿದಳು. ಖುಷಿಯಾಗಬೇಕಿತ್ತು, ಆಗಲಿಲ್ಲ. ಇನ್ನೊಂದು ವರ್ಷ, ಇನ್ನೊಮ್ಮೆ ಪುಸ್ತಕ, ಇನ್ನೊಮ್ಮೆ ಅದೇ ಮೇಜು ಅನ್ನುವುದಷ್ಟೇ ಕಣ್ಣಿಗೆ ಬಂತು. ಹೊರಗೆ ಯಾರೋ "ಸಿಸ್ಟರ್, ನಮ್ಮದು ಯಾವಾಗ?" ಅಂತ ಕೂಗುತ್ತಿದ್ದರು.

ಸಂಜೆ ಮನೆಯಲ್ಲಿ ಚಪ್ಪಲಿ ಬಿಡುತ್ತಲೇ ಹೇಳಿಬಿಟ್ಟಳು. ಗಂಡ ನೀರು ತಂದುಕೊಟ್ಟ. ಅತ್ತೆ ಗೋಡೆಗೆ ಒರಗಿ ಕೂತಿದ್ದರು.

"ಒಟ್ಟು ಎಷ್ಟು ಜನ ಫೇಲಾದ್ರು?" ಅಂತ ಕೇಳಿದರು.

"ಬರೆದಿದ್ದೇ ನಾನೊಬ್ಳು."

"ಹಂಗಾದ್ರೆ ಫಸ್ಟ್ ಬಂದಿರೋಳೂ ನೀನೇ" ಅಂದರು ಅತ್ತೆ.

ಅವಳಿಗೆ ಮೊದಲು ಸಿಟ್ಟು ಬಂತು, ಆಮೇಲೆ ನಗು. ನಗಲು ಕೂಡ ಮೈ ಸಹಕರಿಸುತ್ತಿರಲಿಲ್ಲ, ಆದರೂ ನೆಲದ ಮೇಲೆ ಅತ್ತೆಯ ಪಕ್ಕದಲ್ಲಿ ಕುಸಿದು ಕೂತು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು.